ಉಸಿರು ನಿಲ್ಲಿಸಿದ ತೊಟ್ಟಿ

ಯಜಮಾನರು ಲ್ಯಾಬಿನ ಬಾಗಿಲಲ್ಲಿ ನಿಂತು ಬಾಯಿತುಂಬ ನಗುತ್ತಿದ್ದರು.

“ಮೇಡಂ, ಇವತ್ತು ತೊಟ್ಟಿಯಲ್ಲಿ ಗಾಳಿ ಭರ್ಜರಿಯಾಗಿದೆ. ಮೀಟರ್ ಇಷ್ಟು ಮೇಲಕ್ಕೆ ಹೋಗಿದ್ದನ್ನ ನಾನು ನೋಡೇ ಇಲ್ಲ. ಒಂದು ಬ್ಲೋವರ್ ಆಫ್ ಮಾಡ್ಲಾ? ಕರೆಂಟಾದ್ರೂ ಉಳಿಯುತ್ತೆ.”

ಅವಳು ಆಗ ತಾನೇ ಬಂದು ಕೈಚೀಲವನ್ನು ಮೊಳೆಗೆ ನೇತುಹಾಕುತ್ತಿದ್ದಳು. ಚೀಲ ಮೊಳೆಗೆ ಸಿಗದೆ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

“ಯಾವಾಗಿಂದ ಹೀಗಿದೆ?”

“ನಾನು ಬಂದಾಗಿಂದ ಏರ್ತಾನೇ ಇದೆ. ಯಾಕೆ ಮೇಡಂ, ಒಳ್ಳೇದಲ್ವಾ?”

ಒಳ್ಳೆಯದಲ್ಲ ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಸುತ್ತಲಿನ ಕಾರ್ಖಾನೆಗಳ ಕೊಳೆನೀರೆಲ್ಲ ನೆಲದಡಿಯ ಕೊಳವೆಗಳಲ್ಲಿ ಹರಿದು ಬಂದು ಸೇರುವ ಘಟಕ ಅದು. ಬಣ್ಣ ಹಾಕುವವರ ನೀರು, ಚರ್ಮ ಹದ ಮಾಡುವವರ ನೀರು, ತಂತಿಯ ತುಕ್ಕನ್ನು ಆಸಿಡ್ಡಿನಲ್ಲಿ ತೊಳೆಯುವವರ ನೀರು, ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಶೆಡ್ಡುಗಳ ನೀರು. ಎಲ್ಲವೂ ಮೊದಲು ಮುಚ್ಚಳವಿರುವ ಒಂದು ಆಳದ ಗುಂಡಿಗೆ ಬೀಳುತ್ತಿತ್ತು. ಅಲ್ಲಿಂದ ಮೈದಾನದಷ್ಟು ಅಗಲದ ತೆರೆದ ತೊಟ್ಟಿಗೆ. ಆ ತೊಟ್ಟಿಯ ಕಂದು ರಾಡಿಯಲ್ಲಿ ಬ್ಯಾಕ್ಟೀರಿಯಾಗಳು ಲೆಕ್ಕವಿಲ್ಲದಷ್ಟು ಇದ್ದವು. ಕೆಳಗಿನಿಂದ ಊದುವ ಗಾಳಿಯನ್ನು ಉಸಿರಾಡುತ್ತಾ, ನೀರಿನಲ್ಲಿದ್ದ ವಿಷವನ್ನು ತಿಂದು ಅರಗಿಸಿಕೊಳ್ಳುವುದೇ ಅವುಗಳ ಬದುಕು. ಆಮೇಲೆ ನೀರು ಇನ್ನೊಂದು ತೊಟ್ಟಿಯಲ್ಲಿ ನಿಂತು ತಿಳಿಯಾಗಿ, ಕಾಲುವೆ ಹಿಡಿದು ಕೆರೆಗೆ ಹೋಗುತ್ತಿತ್ತು.

ಆ ಬ್ಯಾಕ್ಟೀರಿಯಾಗಳನ್ನು ಬದುಕಿಸಿಕೊಂಡು ಹೋಗುವುದು ಅವಳ ಕೆಲಸ. ಕೆಲಸಗಾರರ ಬಾಯಲ್ಲಿ ಬ್ಯಾಕ್ಟೀರಿಯಾ ಎಂಬ ಮಾತಿಲ್ಲ, ಎಲ್ಲವೂ ‘ಹುಳ’. ಹಾಗಾಗಿ ಬೆನ್ನ ಹಿಂದೆ ಅವಳು ‘ಹುಳದಮ್ಮ’. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. ಯಜಮಾನರೂ ಯಾವುದಕ್ಕೂ ಯಜಮಾನರಲ್ಲ, ಯಂತ್ರ ನೋಡಿಕೊಳ್ಳುವ ಆಪರೇಟರ್. ಎಲ್ಲರಿಗಿಂತ ಹಿರಿಯರು, ಜೊತೆಗೆ ಆ ದಪ್ಪ ಮೀಸೆ ಬೇರೆ. ಅದಕ್ಕೇ ಆ ಹೆಸರು.

ತೊಟ್ಟಿಯಲ್ಲಿ ಗಾಳಿ ಉಳಿಯುತ್ತಿದೆ ಎಂದರೆ ಅದನ್ನು ಉಸಿರಾಡುವವರು ಇಲ್ಲ ಎಂದರ್ಥ.

ಅವಳು ಬಾಟಲಿ ಹಿಡಿದು ತೊಟ್ಟಿಯ ಮೇಲಿನ ಕಬ್ಬಿಣದ ಸೇತುವೆಯ ಮೇಲೆ ಓಡಿದಳು. ನೊರೆ ಎಂದಿನಂತೆ ಕಂದಾಗಿರಲಿಲ್ಲ, ಬೂದಿ ಕಲಸಿದ ಹಾಗಿತ್ತು. ನೀರು ತುಂಬಿಕೊಂಡು ಬಂದು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಬ್ಯಾಕ್ಟೀರಿಯಾಗಳು ತೀರ ಚಿಕ್ಕವು. ಆದರೆ ಅವುಗಳ ನಡುವೆ, ಅವುಗಳನ್ನೇ ತಿಂದು ಬದುಕುವ, ದಾರದ ತುದಿಗೆ ಗಂಟೆ ಕಟ್ಟಿದಂಥ ಸಣ್ಣ ಜೀವಿಗಳಿರುತ್ತವೆ. ದಿನವೂ ಬಾಯಿ ತೆರೆದು ನೀರನ್ನು ಗಿರಗಿರನೆ ತಿರುಗಿಸುತ್ತಾ ಇರುವ ಅವು ಇಂದು ಮೊಗ್ಗಿನಂತೆ ಮುದುಡಿಕೊಂಡಿದ್ದವು. ಅವಳು ಗಾಜನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಳು. ಮುದುಡಿದ್ದು ಮುದುಡಿದ ಹಾಗೇ ಇತ್ತು. ಜಾಗ ಬದಲಿಸಿ ನೋಡಿದಳು. ಎಲ್ಲಿ ನೋಡಿದರೂ ಅಷ್ಟೇ, ಊರಿಗೆ ಊರೇ ಬಾಗಿಲು ಹಾಕಿಕೊಂಡ ಹಾಗೆ.

ಏನೋ ಬಂದಿದೆ. ಏನು?

ಬೀರುವಿನಲ್ಲಿದ್ದ ಪರೀಕ್ಷೆಯ ಪಟ್ಟಿಗಳನ್ನು ಒಂದೊಂದಾಗಿ ಅದ್ದಿ ನೋಡಿದಳು. ಕ್ರೋಮ್ ಅಲ್ಲ. ತಾಮ್ರವೂ ಅಲ್ಲ. ಕೊನೆಗೆ, ಎಂದೂ ಬೇಕಾಗಲಾರದು ಅಂದುಕೊಂಡು ಹಿಂದೆ ತಳ್ಳಿದ್ದ ಪೊಟ್ಟಣವನ್ನು ಹರಿದಳು. ಬಿಳಿ ಪಟ್ಟಿಯ ತುದಿ ನೀರಿಗೆ ತಾಗಿತೋ ಇಲ್ಲವೋ, ನೇರಳೆಗೆ ತಿರುಗಿ, ಆ ನೇರಳೆ ಕಪ್ಪಾಗುತ್ತಾ ಹೋಯಿತು.

ಸೈನೈಡ್.

ಅದನ್ನು ಬಳಸುವವರು ಪ್ಲೇಟಿಂಗಿನವರು ಮಾತ್ರ. ಅಂಥದ್ದೇ ಒಂದು ಶೆಡ್ಡಿನಲ್ಲಿ ಅವಳ ತಮ್ಮ ಕೆಲಸಕ್ಕಿದ್ದ. ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ಕಟ್ ಆಯಿತು. ರಾತ್ರಿ ಪಾಳಿ ಮುಗಿಸಿ ಮಲಗಿರಬೇಕು ಅಂದುಕೊಂಡಳು.

ಇಲ್ಲಿ ಭಯ ಒಂದೇ ಆಗಿರಲಿಲ್ಲ. ಒಂದು, ಈ ನೀರು ಕೆರೆಗೆ ಹೋದರೆ? ಇನ್ನೊಂದು ಅದಕ್ಕಿಂತ ಹತ್ತಿರದ್ದು. ಸೈನೈಡ್ ನೀರಿನಲ್ಲಿ ಕರಗಿರುವ ತನಕ ಬಹುಪಾಲು ನೀರಲ್ಲೇ ಇರುತ್ತದೆ, ಸ್ವಲ್ಪ ಮಾತ್ರ ಗಾಳಿಗೆ ಸೇರುತ್ತದೆ. ಅದಕ್ಕೆ ಆಸಿಡ್ ಸೇರಿದರೆ ಒಮ್ಮೆಲೇ ಅನಿಲವಾಗಿ ಮೇಲೇಳುತ್ತದೆ. ತಂತಿ ಕಾರ್ಖಾನೆಯವರು ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಆಸಿಡ್ ನೀರನ್ನು ಬಿಡುತ್ತಿದ್ದರು. ಅದು ಬಂದು ಬೀಳುವುದು ಅದೇ ಮುಚ್ಚಳದ ಗುಂಡಿಗೆ.

“ಯಜಮಾನ್ರೇ!” ಎಂದು ಕೂಗಿದಳು. ಕಿಟಕಿಯಿಂದ ನೋಡಿದಳು. ಗುಂಡಿಯ ಕಬ್ಬಿಣದ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಯಜಮಾನರ ಚಪ್ಪಲಿ.

ಕೊಳವೆಯ ಬಾಯಿಗೆ ಅಡ್ಡವಾಗಿ ಇಟ್ಟ ಸರಳುಗಳಿಗೆ ಚಿಂದಿ, ಪ್ಲಾಸ್ಟಿಕ್ ಎಲ್ಲ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ಅವರು ಕೆಳಗಿಳಿದಿದ್ದರು. ದಿನವೂ ಇಳಿಯುವವರೇ.

ಅವಳು ಎಷ್ಟು ವೇಗವಾಗಿ ಓಡಿದಳೋ ಅವಳಿಗೇ ಗೊತ್ತಿಲ್ಲ. ಗುಂಡಿಯ ಬಾಯಿಗೆ ಬಗ್ಗಬಾರದು ಎಂಬುದು ನೆನಪಿದ್ದುದರಿಂದ ನಾಲ್ಕು ಮಾರು ಹಿಂದೆಯೇ ನಿಂತು, ಗಂಟಲು ಹರಿಯುವ ಹಾಗೆ ಕಿರುಚಿದಳು. “ಮೇಲೆ ಬನ್ನಿ! ಏನಿದ್ರೂ ಬಿಟ್ಟು ಮೇಲೆ ಬನ್ನಿ!”

ಸದ್ದಿಲ್ಲ. ಆಮೇಲೆ ಏಣಿಯ ಮೆಟ್ಟಿಲು ಕಿರ್ ಎಂದಿತು. ಮೊದಲು ಬೋಳುತಲೆ, ಆಮೇಲೆ ಮೀಸೆ ಕಂಡಿತು.

“ಬಂದೆ ಬಂದೆ. ಏನು ಬೆಂಕಿ ಬಿದ್ದಿದೆ ಅಂತ ಹೀಗೆ ಕೂಗ್ತೀರಿ?” ಅಂದರು. ಕಟ್ಟೆಯ ಮೇಲೆ ಕೂತು ಹಣೆ ಒತ್ತಿಕೊಂಡರು. “ತಲೆ ಯಾಕೋ ಸಿಡೀತಿದೆ. ಕೆಳಗೆ ಏನೋ ವಾಸನೆ ಮೇಡಂ. ಕಹಿ ಬಾದಾಮಿ ಅರೆದಿಟ್ಟ ಹಾಗೆ. ಇಲ್ಲೂ ಬರ್ತಿದೆ ನೋಡಿ. ನಿಮಗೆ ಬರ್ತಿಲ್ವಾ?”

ಅವಳು ಬೇಡ ಬೇಡವೆಂದರೂ ಮೂಗು ಗಾಳಿ ಎಳೆದುಕೊಂಡಿತು. ಏನೂ ಇಲ್ಲ. ಕೊಚ್ಚೆಯ ವಾಸನೆ, ತುಕ್ಕಿನ ವಾಸನೆ, ಅಷ್ಟೇ. ಕೆಲವರ ಮೂಗಿಗೆ ಆ ವಾಸನೆ ಹುಟ್ಟಿನಿಂದಲೇ ತಿಳಿಯುವುದಿಲ್ಲ ಎಂದು ಓದಿದ್ದಳು. ತಾನು ಅಂಥವರಲ್ಲಿ ಒಬ್ಬಳು ಎಂದು ಈಗ ಗೊತ್ತಾಯಿತು. ತಾನು ನಿಂತ ಜಾಗದಲ್ಲಿ, ತನ್ನ ಮುಖದ ಮುಂದೆಯೇ ಅದು ಇದ್ದರೂ ತನಗೆ ತಿಳಿಯುವುದಿಲ್ಲ.

ಯಜಮಾನರ ರಟ್ಟೆ ಹಿಡಿದು ಎಳೆದುಕೊಂಡು ಬೇಲಿಯ ತನಕ ಬಂದಳು. ಅಲ್ಲಿ ಅವರು ಬಗ್ಗಿ ವಾಂತಿ ಮಾಡಿದರು. ಆಮೇಲೆ ಬಾಯಿ ಒರೆಸಿಕೊಂಡು, “ಈಗ ಪರವಾಗಿಲ್ಲ” ಅಂದರು. ಆಸ್ಪತ್ರೆಗೆ ಹೋಗಿ ಎಂದರೆ, “ನೀವೊಬ್ರೇ ಏನು ಮಾಡ್ತೀರಿ? ನಾನೆಲ್ಲೂ ಹೋಗಲ್ಲ” ಎಂದು ಕೂತುಬಿಟ್ಟರು.

ಅವಳು ಮ್ಯಾನೇಜರಿಗೆ ಫೋನ್ ಮಾಡಿದಳು. ಅವರು ಯಾವುದೋ ಮೀಟಿಂಗಿನಲ್ಲಿದ್ದರು, ಪಿಸುಮಾತಿನಲ್ಲೇ ಮಾತಾಡಿದರು.

“ಕೆರೆ ಗೇಟ್ ಮುಚ್ಚೋದಾ? ತಲೆ ಕೆಟ್ಟಿದೆಯಾ ನಿಮಗೆ? ಗೇಟ್ ಮುಚ್ಚಿದ್ರೆ ಇಲ್ಲಿ ತುಂಬುತ್ತೆ, ಇಲ್ಲಿ ತುಂಬಿದ್ರೆ ಎಲ್ಲಾ ಫ್ಯಾಕ್ಟರಿ ನಿಲ್ಲುತ್ತೆ. ಮಾಲೀಕರೆಲ್ಲ ನನ್ನ ಕುತ್ತಿಗೆಗೆ ಬರ್ತಾರೆ. ನಾನು ಬರೋ ತನಕ ಏನೂ ಮುಟ್ಟಬೇಡಿ.”

“ಸರ್, ಸೈನೈಡ್ ಸರ್.”

“ಪಟ್ಟಿ ಹಳೇದಿರಬಹುದು. ಬರ್ತೀನಿ ಇರಿ.”

ಪಟ್ಟಿ ಹಳೆಯದಿರಬಹುದು. ಅದು ಅವಳಿಗೂ ಹೊಳೆದಿತ್ತು. ತಪ್ಪಾಗಿದ್ದರೆ ನೌಕರಿ ಹೋಗುತ್ತದೆ, ನಗೆಪಾಟಲಾಗುತ್ತದೆ. ಆದರೆ ಯಜಮಾನರ ಮುಖ ಸುಣ್ಣದಂತೆ ಬಿಳಿಚಿತ್ತು. ಅವಳು ಕಾಲುವೆಯ ಬಾಯಿಗೆ ಹೋಗಿ ಅಲ್ಲಿನ ನೀರಿಗೊಂದು ಪಟ್ಟಿ ಅದ್ದಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು. ವಿಷ ಇನ್ನೂ ಇಲ್ಲಿಗೆ ಬಂದಿಲ್ಲ. ಯಾವಾಗ ಬರುತ್ತದೋ ಹೇಳುವವರಿಲ್ಲ. ಗೇಟಿನ ಚಕ್ರಕ್ಕೆ ಎರಡೂ ಕೈ ಹಾಕಿ ಜೋತುಬಿದ್ದಳು. ತುಕ್ಕು ಹಿಡಿದ ಚಕ್ರ ಜಗ್ಗಲಿಲ್ಲ. ಯಜಮಾನರು ತೂರಾಡುತ್ತಾ ಬಂದು ಒಂದು ಕೈ ಸೇರಿಸಿದರು. ಇಬ್ಬರೂ ಹಲ್ಲು ಕಚ್ಚಿ ತಿರುಗಿಸಿದರು. ಕಾಲುವೆಯಲ್ಲಿ ನೀರು ಸಣ್ಣಗಾಗಿ, ಎಳೆಯಾಗಿ, ನಿಂತಿತು.

ಆಮೇಲೆ ತಂತಿ ಕಾರ್ಖಾನೆಗೆ ಫೋನ್ ಮಾಡಿದಳು. ಅಲ್ಲಿನ ಸೂಪರ್‌ವೈಸರ್ ಏನನ್ನೋ ಅಗಿಯುತ್ತಾ ಮಾತಾಡಿದ.

“ಇವತ್ತು ಆಸಿಡ್ ಬಿಡಬೇಡಿ ಅಂತೀರಾ? ಆಗಲೇ ಬಿಟ್ಟಾಯ್ತಲ್ಲ ಮೇಡಂ. ಇವತ್ತು ಬೇಗ ಮುಗಿಸಿದ್ವಿ. ಇಷ್ಟೊತ್ತಿಗೆ ನಿಮ್ಮ ಹತ್ರಾನೇ ಬಂದಿರಬೇಕು.”

ಆಸಿಡ್ ದಾರಿಯಲ್ಲಿತ್ತು. ತಡೆಯಲು ಆಗುವುದಿಲ್ಲ. ಉಳಿದದ್ದು ಒಂದೇ ದಾರಿ. ಗುಂಡಿಗೆ ಸುಣ್ಣ ಸುರಿಯಬೇಕು. ಬಂದ ಆಸಿಡ್ಡನ್ನೆಲ್ಲ ಸುಣ್ಣವೇ ನುಂಗಿಬಿಡುವಷ್ಟು ಸುರಿಯಬೇಕು. ಸುಣ್ಣದ ಪಂಪಿನ ಸ್ವಿಚ್ ಒತ್ತಿದಳು. ಅದು ಗರ್ ಎಂದು ಒಮ್ಮೆ ನಡುಗಿ ಸುಮ್ಮನಾಯಿತು.

“ಇದೊಂದು ಹಾಳು ಪಂಪು! ಬೇಕಾದಾಗಲೇ ಕೈ ಕೊಡುತ್ತೆ” ಎಂದು ಯಜಮಾನರು ಅದಕ್ಕೊಂದು ಒದೆ ಕೊಟ್ಟರು. “ಹೊತ್ತು ಹಾಕೋಣ ನಡೀರಿ.”

ಅವಳು ತನ್ನ ಕರವಸ್ತ್ರವನ್ನು ಬೇಲಿಯ ಕಂಬಕ್ಕೆ ಕಟ್ಟಿದಳು, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂದು ನೋಡಲು. ಕರವಸ್ತ್ರ ಗುಂಡಿಯ ಕಡೆಗೆ ಹಾರಿತು. ಸದ್ಯ, ಗಾಳಿ ತಮ್ಮ ಬೆನ್ನಿಗಿದೆ. ಇಬ್ಬರೂ ಮುಖವಾಡ ಹಾಕಿಕೊಂಡರು. ಅದು ಧೂಳು ತಡೆಯುವ ಮುಖವಾಡ, ಈ ಅನಿಲಕ್ಕೆ ಅದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ. ಕಾವಲುಗಾರನನ್ನು ಕೂಗಿ, ಬೀದಿಯಲ್ಲಿ ಯಾರನ್ನೂ ಈ ಕಡೆ ಬಿಡಬೇಡ ಅಂದಳು. ಶೆಡ್ಡಿನಿಂದ ಸುಣ್ಣದ ಮೂಟೆಗಳನ್ನು ಎಳೆದು ತಂದು, ಬಾಯಿ ಕೊಯ್ದು, ಗುಂಡಿಯ ಪಕ್ಕದ ತಗಡಿನ ಇಳಿಜಾರಿಗೆ ಸುರಿಯತೊಡಗಿದರು. ಬಿಳಿ ಹುಡಿ ಕಣ್ಣಿಗೆ ಉರಿಯಾಗಿ ಮೆತ್ತಿಕೊಂಡಿತು. ಪ್ರತಿ ಮೂಟೆಗೂ ಅವಳು ಯಜಮಾನರ ಮುಖ ನೋಡುವಳು.

“ವಾಸನೆ ಇದೆಯಾ?”

“ಇಲ್ಲ.”

“ಈಗ?”

“ಇಲ್ಲ ಮೇಡಂ, ಇದ್ರೆ ನಾನೇ ಹೇಳ್ತೀನಿ.”

ಅವಳ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಬಿಟ್ಟಳು. ಮತ್ತೆ ಗುಂಯ್‌ಗುಟ್ಟಿತು. ಮ್ಯಾನೇಜರ್ ಇರಬೇಕು, ಬಯ್ಯಲು. ಸುಣ್ಣ ಮೆತ್ತಿದ ಕೈಯಲ್ಲಿ ತೆಗೆಯಲಿಲ್ಲ. ಅದು ನಿಲ್ಲುವುದು, ಮತ್ತೆ ಶುರುವಾಗುವುದು.

ಕೊಳವೆಯೊಳಗೆ ದೂರದಿಂದ ಗೊಳಗೊಳ ಸದ್ದು ಕೇಳಿಸಿತು. ಬಂತು.

ಆಸಿಡ್ ಗುಂಡಿಗೆ ಬಿದ್ದೊಡನೆ ಸುಣ್ಣದ ನೀರು ಕುದಿದ ಹಾಗೆ ಬುಸುಗುಟ್ಟಿ, ತೆರೆದ ಬಾಯಿಯಿಂದ ಬಿಳಿ ಹಬೆ ಎದ್ದಿತು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. ಅವಳ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಇದು ಬರೀ ಹಬೆಯೋ, ಅದೋ? ಉಸಿರು ಬಿಗಿ ಹಿಡಿದಳು. ಎಷ್ಟು ಹೊತ್ತು ಹಿಡಿಯಲು ಸಾಧ್ಯ? ಕೊನೆಗೆ ಎದೆ ಒಡೆಯುವಂತಾಗಿ ಉಸಿರೆಳೆದುಕೊಂಡಳು. ಸಾಯಲಿಲ್ಲ. ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ಕೆಳಗಿಳಿಸಿ ಮೇಲೆಳೆದು, ಆಸಿಡ್ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಕಾಗದ ಅದ್ದಿದಳು. ಇರಬೇಕಾದ ಕಡುನೀಲಿ ಹಸಿರಿಗೆ ಇಳಿಯುತ್ತಿತ್ತು. ಹಸಿರು ಹಳದಿಯಾದರೆ ಮುಗಿಯಿತು.

“ಇನ್ನೂ ಹಾಕಿ! ಇನ್ನೂ!”

ಆಗ ಹಿಂದಿನಿಂದ ಯಾರೋ ಅವಳ ಕೈಯ ಮೂಟೆಯನ್ನು ಕಿತ್ತುಕೊಂಡರು. ಮ್ಯಾನೇಜರ್. ಬೇಲಿಯ ಬುಡದ ವಾಂತಿ, ಯಜಮಾನರ ಮುಖ, ಅವಳ ಕೈಯ ಕಾಗದ, ಮೂರನ್ನೂ ಒಮ್ಮೆಲೇ ನೋಡಿದ್ದ ಅವರು ಏನೂ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿಯಲ್ಲೇ ಮೂಟೆಯನ್ನು ಹೆಗಲಿಗೆ ಹಾಕಿಕೊಂಡರು.

ಕೊಳವೆಯ ಸದ್ದು ಕ್ರಮೇಣ ಕಡಿಮೆಯಾಗಿ ನಿಂತಿತು. ಅವಳು ಮತ್ತೆ ಕಾಗದ ಅದ್ದಿದಳು. ಹಸಿರು ಹಸಿರಿನಲ್ಲೇ ನಿಂತಿತ್ತು. ಮತ್ತೊಂದು ಮೂಟೆ ಬಿದ್ದ ಮೇಲೆ ನೀಲಿಯ ಕಡೆಗೆ ಹೊರಳಿತು. ಮೂವರೂ ಸುಣ್ಣ ಬಳಿದ ಗೊಂಬೆಗಳ ಹಾಗೆ ನೆಲದ ಮೇಲೆ ಕೂತರು.

“ನಾನು ಎಲ್ಲಾ ಫ್ಯಾಕ್ಟರಿಗೂ ಹೇಳ್ತೀನಿ, ನೀರು ಬಿಡಬೇಡಿ ಅಂತ,” ಎಂದರು ಮ್ಯಾನೇಜರ್ ಕೊನೆಗೆ. “ಬಯ್ದರೆ ಬಯ್ಯಲಿ.”

ಅವಳು ಫೋನ್ ತೆಗೆದಳು. ಕರೆಗಳೆಲ್ಲ ತಮ್ಮನ ಹೆಂಡತಿಯದು. ಕೂಡಲೇ ತಿರುಗಿ ಮಾಡಿದಳು.

“ಅತ್ತಿಗೆ, ಎಷ್ಟು ಸಲ ಮಾಡಿದೆ!” ಆಕೆ ಅಳುತ್ತಿದ್ದಳು. “ಇವರಿಗೆ ಏನೋ ಆಗಿದೆ. ಬೆಳಗ್ಗೆ ಬಂದವರು ಹಾಗೇ ಬಿದ್ಕೊಂಡ್ರು. ತಲೆನೋವು ಅಂದ್ರು, ವಾಂತಿ ಮಾಡಿದ್ರು. ಅಕ್ಕಂಗೆ ಹೇಳಬೇಡ ಅಂದ್ರು. ಈಗ ಕರೆದ್ರೆ ಸರಿಯಾಗಿ ಮಾತೇ ಆಡ್ತಿಲ್ಲ. ಉಸಿರು ಬುಸು ಬುಸು ಅಂತಿದೆ.”

“ಬಟ್ಟೆ? ಕೆಲಸದ ಬಟ್ಟೆ ಬದಲಾಯಿಸಿದ್ನಾ?”

“ಇಲ್ಲ. ಪ್ಯಾಂಟು ಮಂಡಿ ತನಕ ಒದ್ದೆ ಇದೆ. ಶೂ ಮಾತ್ರ ಬಿಚ್ಚಿದ್ರು.”

ತೊಟ್ಟಿಗೆ ಬಂದದ್ದು ಎಲ್ಲಿಂದ ಎಂದು ಹೇಳಬೇಕಾದ ಅಗತ್ಯ ಇನ್ನಿರಲಿಲ್ಲ.

“ನನ್ನ ಮಾತು ಕೇಳು. ಅಳಬೇಡ. ಕಿಟಕಿ ಬಾಗಿಲು ಎಲ್ಲಾ ತೆಗಿ. ಮಗೂನ ಪಕ್ಕದ ಮನೆಗೆ ಕಳಿಸು. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡು ಅವನ ಪ್ಯಾಂಟನ್ನ ಕತ್ತರಿಯಿಂದ ಕತ್ತರಿಸಿ ತೆಗಿ. ಕಾಲಿಗೆ ನೀರು ಸುರೀತಾನೇ ಇರು. ಅವನ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋಕೆ ಹೋಗಬೇಡ, ಗೊತ್ತಾಯ್ತಾ? ಆಂಬುಲೆನ್ಸ್ ನಾನು ಕರೀತೀನಿ.”

ಮ್ಯಾನೇಜರ್ ತಮ್ಮ ಕಾರಿನಲ್ಲೇ ಅವಳನ್ನೂ ಯಜಮಾನರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಕೇಳಿದರು, “ಯಾವ ಶೆಡ್ಡಿನದು ಅಂತ ಗೊತ್ತಾಯ್ತಾ?” ಅವಳು ಕಿಟಕಿಯ ಆಚೆ ನೋಡುತ್ತಾ, “ಇನ್ನೂ ಇಲ್ಲ ಸರ್” ಅಂದಳು. ಹಿಂದಿನ ಸೀಟಿನಲ್ಲಿ ಕೂತಿದ್ದ ಯಜಮಾನರು ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ಕಣ್ಣು ಮುಚ್ಚಿ ಒರಗಿದರು.

ಆಸ್ಪತ್ರೆಯಲ್ಲಿ ತಮ್ಮನನ್ನು ಆಂಬುಲೆನ್ಸಿನಿಂದ ಇಳಿಸುತ್ತಿದ್ದರು. ಅವನ ಮುಖ ಎಂದಿಗಿಂತ ಕೆಂಪಾಗಿತ್ತು, ತುಂಬ ಆರೋಗ್ಯವಂತನ ಹಾಗೆ. ಆ ಕೆಂಪು ಯಾಕೆಂದು ಗೊತ್ತಿದ್ದವಳಿಗೆ ಅದನ್ನು ನೋಡಲಾಗಲಿಲ್ಲ. ಅವನ ರಕ್ತದಲ್ಲಿ ಗಾಳಿ ಉಳಿದುಕೊಂಡಿತ್ತು, ಮೈ ಅದನ್ನು ಬಳಸಲಾರದೆ ಹೋಗಿತ್ತು.

“ಊಟದಲ್ಲಿ ಏನಾದ್ರೂ ವ್ಯತ್ಯಾಸ ಆಯ್ತಾ?” ಎಂದು ಕೇಳಿದರು ಡಾಕ್ಟರಮ್ಮ.

“ಅಲ್ಲ. ಸೈನೈಡ್. ಚರ್ಮದ ಮೂಲಕ ಹೋಗಿದೆ.”

“ಗ್ಯಾರಂಟಿನಾ?”

“ಬೆಳಗ್ಗೆಯಿಂದ ಅದರ ಜೊತೆಗೇ ಇದ್ದೀನಿ ಡಾಕ್ಟ್ರೇ.”

ಡಾಕ್ಟರಮ್ಮ ನರ್ಸಿನ ಕಡೆ ತಿರುಗಿ ಒಂದು ಔಷಧದ ಹೆಸರು ಹೇಳಿದರು. ನರ್ಸು ಓಡಿದಳು. ಸ್ಟೋರಿನ ಬೀಗದ ಕೈ ಸಿಗಲಿಲ್ಲ, ಯಾರೋ ಯಾರನ್ನೋ ಕರೆದರು, ಕಾರಿಡಾರಿನ ತುದಿಯಲ್ಲಿ ಬಾಗಿಲುಗಳು ಬಡಿದುಕೊಂಡವು. ತಮ್ಮನ ಹೆಂಡತಿ ಅವಳ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಬಹಳ ದಿನ ಉಳಿಯಿತು. ಗಾಜಿನ ಕಿಟಕಿಯಿಂದ ಅವನ ಎದೆ ಮಾತ್ರ ಕಾಣುತ್ತಿತ್ತು. ಅದು ಏರುವುದು, ಇಳಿಯುವುದು. ಇಳಿದಾಗಲೆಲ್ಲ ಇನ್ನೊಮ್ಮೆ ಏರುತ್ತದೋ ಇಲ್ಲವೋ ಎಂದು ಅವಳು ಗಾಜಿನ ಕಡೆಗೆ ಬಗ್ಗುತ್ತಿದ್ದಳು. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳು. ತೊಟ್ಟಿಲಲ್ಲಿ ಮಲಗಿದ್ದಾಗಲೂ ಹೀಗೆಯೇ ಬಗ್ಗಿ, ಉಸಿರಾಡುತ್ತಿದ್ದಾನಾ ಎಂದು ನೋಡುತ್ತಿದ್ದಳು.

ಔಷಧ ಬಂತು. ಸಂಜೆಯ ಹೊತ್ತಿಗೆ ಅವನು ಕಣ್ಣು ಬಿಟ್ಟ. ಪಕ್ಕದ ವಾರ್ಡಿನಲ್ಲಿ ಯಜಮಾನರು ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು, ಟೀ ಯಾಕೆ ಕೊಡಲ್ಲ ಎಂದು ಜಗಳಕ್ಕೆ ನಿಂತಿದ್ದರು.

“ಪ್ಲೇಟಿಂಗ್ ತೊಟ್ಟಿ ಬಿರುಕು ಬಿಡ್ತು ಅಕ್ಕಾ,” ಅಂದ ತಮ್ಮ. ದನಿ ಬಾವಿಯೊಳಗಿಂದ ಬಂದಂತಿತ್ತು. “ನೆಲವೆಲ್ಲಾ ಹರಿದುಹೋಯ್ತು. ಮಾಲೀಕರಿಗೆ ಫೋನ್ ಮಾಡಿದೆ. ಬೆಳಗಾಗೋದ್ರೊಳಗೆ ತೊಳೆದು ಮೋರಿಗೆ ಬಿಡು ಅಂದ್ರು. ಪೈಪ್ ಹಿಡಿದಿದ್ದು ನಾನೇ.”

“ಅದು ಎಲ್ಲಿಗೆ ಬರುತ್ತೆ ಅಂತ ಗೊತ್ತಿರ್ಲಿಲ್ವಾ ನಿಂಗೆ?”

“ಗೊತ್ತಿತ್ತು. ನಿನ್ನ ಹತ್ರ ಬರುತ್ತೆ, ನಿನ್ನ ಹುಳ ತಿಂದುಬಿಡುತ್ತೆ ಅಂದ್ಕೊಂಡೆ. ನೀನೇ ಹೇಳ್ತಿದ್ಯಲ್ಲ, ಎಂಥಾ ವಿಷ ಇದ್ರೂ ಅವು ಅರಗಿಸ್ಕೊಳ್ತವೆ ಅಂತ.”

ಹೇಳಿದ್ದಳು. ಊಟಕ್ಕೆ ಕೂತಾಗ, ಎಲ್ಲರ ಮುಂದೆ, ಹೆಮ್ಮೆಯಿಂದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಹಣೆಯ ಮೇಲೆ ಕೈ ಇಟ್ಟಳು.

“ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿದ್ರೆ ತಿಂತವೆ ಕಣೋ. ಒಂದೇ ಸಲ ತಲೆ ಮೇಲೆ ಸುರಿದ್ರೆ ಯಾವ ಜೀವ ಉಳಿಯುತ್ತೆ?”

ಆ ಮೇಲೆ ಬೇರೆ ಭಯ ಶುರುವಾಯಿತು. ಮರುದಿನ ಅಧಿಕಾರಿಗಳು ಬರುವವರಿದ್ದರು. ಶೆಡ್ಡಿನ ಮಾಲೀಕ ತಮ್ಮನಿಗೆ ಫೋನ್ ಮಾಡಿ, ನೀನಾಗಿ ಬಾಯಿ ಬಿಟ್ಟರೆ ಒಳಗೆ ಹೋಗುವವನೂ ನೀನೇ ಎಂದಿದ್ದ. ಅವಳು ಮನೆಗೆ ಬಂದು ಸ್ನಾನ ಮಾಡಿದಳು, ಸುಣ್ಣದಿಂದ ಬಿರಿದ ಕೈಗೆ ಎಣ್ಣೆ ಹಚ್ಚಿಕೊಂಡಳು. ಹೇಳದಿದ್ದರೆ ತಮ್ಮ ಉಳಿಯುತ್ತಾನೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪ್ಲೇಟಿಂಗ್ ಶೆಡ್ಡುಗಳು ಬೇಕಾದಷ್ಟಿವೆ, ಕೊಳವೆ ಒಂದೇ. ಹಾಗೆ ಯೋಚಿಸುತ್ತಿದ್ದ ತನ್ನ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ತಮ್ಮ ದಿಂಬಿಗೆ ಒರಗಿ ಎದ್ದು ಕೂತಿದ್ದ.

“ಅಕ್ಕಾ, ಪಕ್ಕದ ತೊಟ್ಟಿನೂ ಅದೇ ಕಾಲದ್ದು,” ಅಂದ. “ಅದರ ಬುಡದಲ್ಲೂ ಒದ್ದೆ ನೋಡಿದ್ದೆ. ಅದು ಇದಕ್ಕಿಂತ ದೊಡ್ಡದು. ಇವತ್ತು ಯಾರು ಪಾಳಿಯಲ್ಲಿದ್ದಾರೋ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಮ್ಯಾನೇಜರಿಗೆ ಫೋನ್ ಮಾಡು. ನಾನೇ ಮಾತಾಡ್ತೀನಿ,” ಅಂದ ಅವನು. ಅವಳು ನಂಬರ್ ಒತ್ತಿ ಫೋನನ್ನು ಅವನ ಕಿವಿಗೆ ಹಿಡಿದಳು.

ಅಧಿಕಾರಿಗಳು ಶೆಡ್ಡಿಗೆ ಹೋದಾಗ ಎರಡನೆಯ ತೊಟ್ಟಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅದರ ಪಕ್ಕದಲ್ಲೇ ಇಬ್ಬರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರಂತೆ. ಶೆಡ್ಡಿಗೆ ಬೀಗ ಬಿತ್ತು. ತಮ್ಮ ಚೇತರಿಸಿಕೊಂಡ ಮೇಲೆ ಹೇಳಿಕೆ ಕೊಡಲು ಕರೆದರು. ಅವಳು ಹೊರಗೆ ಬೆಂಚಿನ ಮೇಲೆ ಕೂತು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಹೊರಗೆ ಬಂದವನು, “ಬರ್ಕೊಂಡ್ರು. ಸಾಕ್ಷಿ ಹೇಳಬೇಕಂತೆ. ಮತ್ತೆ ಕರೀತಾರಂತೆ” ಅಂದ. ಒಂದು ಕ್ಷಣ ಬಿಟ್ಟು, “ಕೆಲಸ ಅಂತೂ ಹೋಯ್ತು ಅಕ್ಕಾ” ಎಂದು ನಕ್ಕ. ಆ ನಗುವಿನಲ್ಲಿ ಅಷ್ಟು ದಿನದ ಮೇಲೆ ಅವನ ಹಳೆಯ ಮುಖ ಕಂಡಿತು. ಮಾಲೀಕನ ಮೇಲೆ ನಡೆಯುತ್ತಿರುವ ಕೇಸು ಇನ್ನೂ ಮುಗಿದಿಲ್ಲ. ಅವರಿಬ್ಬರಿಗೂ ಪೋಸ್ಟ್‌ಮ್ಯಾನ್ ಬಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಇತ್ತ ಘಟಕದ ದೊಡ್ಡ ತೊಟ್ಟಿ ಸತ್ತು ಬಿದ್ದಿತ್ತು. ಗುಂಡಿಯಲ್ಲಿದ್ದ ಗಾಢ ವಿಷವನ್ನು ಬ್ಲೀಚಿಂಗ್ ಹಾಕಿ ಬೇರೆಯಾಗಿ ಮುರಿಯಬಹುದಿತ್ತು, ಮುರಿದರು. ಆದರೆ ದೊಡ್ಡ ತೊಟ್ಟಿಗೆ ಬ್ಲೀಚಿಂಗ್ ಹಾಕಿದರೆ ಅಲ್ಲಿ ಉಳಿದಿರಬಹುದಾದ ಒಂದೆರಡು ಜೀವವೂ ಹೋಗುತ್ತದೆ. ಅಲ್ಲಿನ ತೆಳು ವಿಷವನ್ನು ಬ್ಯಾಕ್ಟೀರಿಯಾಗಳೇ ತಿನ್ನಬೇಕು. ಪಕ್ಕದ ಊರಿನ ಘಟಕದಿಂದ ಟ್ಯಾಂಕರಿನಲ್ಲಿ ಜೀವಂತ ರಾಡಿ ತರಿಸಿದರು. ಒಂದು ಮೂಲೆಯ ಸಣ್ಣ ತೊಟ್ಟಿಯಲ್ಲಿ ಅದನ್ನು ಹಾಕಿ, ಅವಳು ವಿಷದ ನೀರನ್ನು ಮೊದಲು ಲೋಟದಲ್ಲಿ, ಆಮೇಲೆ ಚೊಂಬಿನಲ್ಲಿ, ಆಮೇಲೆ ಕೊಡದಲ್ಲಿ ಕುಡಿಸಿದಳು. ತಾಳಲಾರದವು ಸಾಯುತ್ತವೆ, ತಾಳಿಕೊಂಡವು ಹೆಚ್ಚುತ್ತವೆ. ಹೇಳಲು ಸುಲಭ. ಪ್ರತಿ ಸಲ ಸುರಿಯುವಾಗಲೂ ಕೈ ಹಿಂಜರಿಯುತ್ತಿತ್ತು. ಒಂದು ಚೊಂಬು ಹೆಚ್ಚಾದರೆ ಮತ್ತೆ ಮೊದಲಿನಿಂದ. ಹೊರಗೆ ಕಾರ್ಖಾನೆಗಳವರು ಗೇಟಿನ ಮುಂದೆ ಬಂದು ಮ್ಯಾನೇಜರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಮ್ಯಾನೇಜರ್ ಒಳಗೆ ಬಂದು, “ನೀವು ಅವಸರ ಮಾಡಬೇಡಿ” ಎಂದು ಹೇಳಿ ನೀರು ಕುಡಿದು ಮತ್ತೆ ಹೊರಗೆ ಹೋಗುತ್ತಿದ್ದರು.

ಸಣ್ಣ ತೊಟ್ಟಿಯ ರಾಡಿಯನ್ನು ದೊಡ್ಡದಕ್ಕೆ ಬಿಟ್ಟ ಮೇಲೆ ಬಹಳ ದಿನ ಏನೂ ಆಗಲಿಲ್ಲ. ಅದೇ ಬೂದಿ ನೊರೆ, ಅದೇ ಕೊಳೆತ ವಾಸನೆ. ಆಮೇಲೊಂದು ಬೆಳಿಗ್ಗೆ ಸೇತುವೆಯ ಮೇಲೆ ನಿಂತಾಗ, ಒಣನೆಲದ ಮೇಲೆ ನೀರು ಚಿಮುಕಿಸಿದಾಗ ಏಳುವ ಹಸಿಮಣ್ಣಿನ ವಾಸನೆ ಬಂತು. ಆರೋಗ್ಯವಾಗಿರುವ ರಾಡಿಯ ವಾಸನೆ ಅದು. ತನ್ನ ಮೂಗನ್ನು ನಂಬುವುದನ್ನೇ ಅವಳು ಬಿಟ್ಟಿದ್ದಳು. ಯಜಮಾನರನ್ನು ಕರೆದಳು. ಅವರು ಮೀಸೆ ಸವರಿಕೊಂಡು, ಉದ್ದಕ್ಕೆ ಉಸಿರೆಳೆದು, “ಹೂಂ, ಎದ್ದಿವೆ” ಅಂದರು.

ಪಟ್ಟಿಗಳು ದಿನದಿಂದ ದಿನಕ್ಕೆ ತಿಳಿನೇರಳೆಯಾಗಿ, ಆಮೇಲೆ ಬಿಳಿಯಾಗಿಯೇ ಉಳಿದವು. ಹೊರಗಿನ ಲ್ಯಾಬಿಗೆ ಕಳಿಸಿದ ನೀರೂ ಶುದ್ಧವೆಂದು ಬಂತು. ಅಧಿಕಾರಿಗಳು ಒಪ್ಪಿದರು. ಮ್ಯಾನೇಜರ್ ಒಪ್ಪಿದರು. ಗೇಟು ತೆರೆಯಲು ಅವಳೊಬ್ಬಳಿಗೆ ಧೈರ್ಯವಿರಲಿಲ್ಲ. ಇನ್ನೊಂದು ಸಲ ನೋಡೋಣ, ನಾಳೆ ನೋಡೋಣ ಎಂದು ತಳ್ಳಿದಳು. ಕೊನೆಗೆ ಯಜಮಾನರೇ ಚಕ್ರಕ್ಕೆ ಕೈ ಹಾಕಿ, “ಬನ್ನಿ ಮೇಡಂ, ಮುಚ್ಚಿದ್ದು ಇಬ್ರು, ತೆಗೆಯೋದೂ ಇಬ್ರೇ” ಅಂದರು. ನೀರು ಕಾಲುವೆಗೆ ನುಗ್ಗಿತು.

ಅವಳು ಲ್ಯಾಬಿಗೆ ಹೋಗಲಿಲ್ಲ. ನೀರಿನ ಜೊತೆಗೇ ಕಾಲುವೆಯ ದಂಡೆ ಹಿಡಿದು ನಡೆದಳು, ಪಟ್ಟಿಗಳ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅಲ್ಲಲ್ಲಿ ಬಗ್ಗಿ ಅದ್ದುತ್ತಾ. ಕೆರೆಯ ಅಂಚಿನಲ್ಲಿ ಒಬ್ಬ ಮುದುಕಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕಾಲುವೆಯ ಹೊಸ ನೀರು ಬಂದು ಅವಳ ಕಾಲನ್ನು ಮುಟ್ಟಿತು. ಮುದುಕಿ ಅದನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಎರಚಿಕೊಂಡಳು.

ಹುಳದಮ್ಮ ನಡೆಯುತ್ತಿದ್ದವಳು ಅಲ್ಲೇ ನಿಂತಳು. ಮುದುಕಿ ಕಣ್ಣೊರೆಸಿಕೊಂಡು ಇವಳ ಕಡೆ ತಿರುಗಿದಳು.

“ನೀನು ಆ ಮೇಲಿನ ಕಾರ್ಖಾನೆಯವಳೇನಮ್ಮಾ? ಎಷ್ಟು ದಿನ ಆಯ್ತು ನೀರು ಬಿಟ್ಟು! ಇಲ್ಲಿ ಕೆಸರಿನಲ್ಲೇ ಒಗೆದೂ ಒಗೆದೂ ಸಾಕಾಯ್ತು. ಯಾಕೆ ನಿಲ್ಲಿಸಿದ್ರಿ?”

“ನೀರಿಗೆ ಹುಷಾರಿರ್ಲಿಲ್ಲ ಅಜ್ಜಿ.”

“ನೀರಿಗೂ ಹುಷಾರು ತಪ್ಪುತ್ತಾ?” ಎಂದು ಮುದುಕಿ ನಕ್ಕು, ಒಂದು ಅಂಗಿಯನ್ನು ಕಲ್ಲಿಗೆ ಬಡಿದಳು. “ಅಲ್ಲೇ ಯಾಕೆ ನಿಂತೆ? ಮುಖ ಹೇಗೋ ಆಗಿದೆ ನಿಂದು. ಕೂತ್ಕೋ ಬಾ.”

ಅವಳು ಪಕ್ಕದ ಕಲ್ಲಿನ ಮೇಲೆ ಕೂತಳು. ಮುದುಕಿ ಒಗೆದು ಮುಗಿಸಿ, ಹಿಂಡಿ, ಬುಟ್ಟಿ ತುಂಬಿಕೊಂಡು ಹೋಗುವ ತನಕ ಅವಳ ಕೈ, ಕಾಲು, ಮುಖವನ್ನೇ ನೋಡುತ್ತಾ ಕೂತಿದ್ದಳು.